ಅಡಿಕೆ ಅಂಗಳಕ್ಕೆ ಕ್ಯಾಮೆರಾ: ಆ್ಯಪ್ ಯಾರ ನಂಬರಿನಲ್ಲಿದೆ ಅಂತ ಮೊದಲು ಕೇಳಿ

ಮನೆಗೆ ಕ್ಯಾಮೆರಾ ಹಾಕಿಸಲು ಹೊರಟವರು ಎಷ್ಟು ಮೆಗಾಪಿಕ್ಸೆಲ್, ರಾತ್ರಿ ಕಾಣುತ್ತದಾ, ಸುತ್ತ ತಿರುಗುತ್ತದಾ ಎಂದೆಲ್ಲ ಕೇಳುತ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಈಚೆಗೆ ನನ್ನನ್ನು ಯಾರಾದರೂ ವಿಚಾರಿಸಿದರೆ ನಾನು ತಿರುಗಿ ಕೇಳುವುದು ಬೇರೆ: ಆ್ಯಪ್‌ನ ಖಾತೆ ಯಾರ ನಂಬರಿನಲ್ಲಿ ಇರುತ್ತದೆ? ಅದೊಂದು ಸರಿಯಿಲ್ಲದೆ ನಮ್ಮ ಮನೆಯಲ್ಲಿ ಅರ್ಧ ಕೊಯ್ಲಿನ ಕಾಲವೇ ಗೊಂದಲದಲ್ಲಿ ಹೋಯಿತು. ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಊರು ಅಂದರೆ ಅಲ್ಲೊಂದು ಇಲ್ಲೊಂದು ಮನೆ. ಕೂಗಿದರೆ ಕೇಳುವ ಅಂತರದಲ್ಲಿ ಇರುವುದು ಒಂದೇ ಮನೆ. ಅಪ್ಪಯ್ಯ, ಅಮ್ಮ ಇಬ್ಬರೇ ಇರುವುದು. ನಾನು ಬೆಂಗಳೂರಿನಲ್ಲಿ, ತಂಗಿ ಶಿವಮೊಗ್ಗದಲ್ಲಿ. ಕೆಂಪಡಿಕೆ ಕ್ವಿಂಟಲ್‌ಗೆ ಅರ್ಧ ಲಕ್ಷದ ಆಸುಪಾಸು ಇದ್ದ ಕಾಲದಲ್ಲಿ, ಬೇಯಿಸಿ ಅಂಗಳದಲ್ಲಿ ಹರವಿದ ಅಡಿಕೆ ಅಂದರೆ ಬಯಲಲ್ಲಿ ಬಿಟ್ಟ ದುಡ್ಡೇ. ಪಕ್ಕದೂರಲ್ಲಿ ಒಣಹಾಕಿದ್ದ ಅಡಿಕೆ ರಾತ್ರಿ ಬೆಳಗಾಗುವುದರೊಳಗೆ ಮಾಯವಾಯಿತು ಅಂತ ಸುದ್ದಿ ಬಂದ ಮೇಲೆ ಅಪ್ಪಯ್ಯ ಜಗಲಿಯಲ್ಲೇ ಚಾಪೆ ಹಾಸಿ, ಪಕ್ಕದಲ್ಲಿ ಟಾರ್ಚು ಇಟ್ಟುಕೊಂಡು ಮಲಗತೊಡಗಿದರು. ಎಪ್ಪತ್ತು ದಾಟಿದ ಮನುಷ್ಯ, ಡಿಸೆಂಬರಿನ ಚಳಿ. ಬೇಡ ಅಂದರೆ ಕೇಳುವ ಪೈಕಿಯಲ್ಲ. ಕ್ಯಾಮೆರಾ ಹಾಕೋಣ ಅಂತ ತೀರ್ಮಾನವಾದದ್ದು ಹೀಗೆ.

ಮೊದಲು ಕಾಸು ಖರ್ಚಿಲ್ಲದ ದಾರಿ ನೋಡಿದೆ. ಹಳೇ ಆ್ಯಂಡ್ರಾಯ್ಡ್ ಫೋನನ್ನೇ ಕ್ಯಾಮೆರಾ ಮಾಡಿಕೊಡುವ ಆಲ್ಫ್ರೆಡ್‌ನಂಥ ಆ್ಯಪ್‌ಗಳಿವೆ. ಎರಡು ಫೋನಿನಲ್ಲೂ ಒಂದೇ ಖಾತೆಯಿಂದ ಲಾಗಿನ್ ಆದರೆ ಒಂದು ಕ್ಯಾಮೆರಾ ಆಗುತ್ತದೆ, ಇನ್ನೊಂದರಲ್ಲಿ ನೋಡಬಹುದು. ಬೆಂಗಳೂರಿನ ಮನೆಯ ಕಿಟಕಿಯಲ್ಲಿಟ್ಟು ಪರೀಕ್ಷಿಸಿದೆ. ಹಗಲಿನಲ್ಲಿ ದೂರುವಂಥದ್ದೇನಿಲ್ಲ. ಕತ್ತಲಾದರೆ ಮುಗಿಯಿತು, ಕತ್ತಲಲ್ಲಿ ಕಾಣಲು ಕ್ಯಾಮೆರಾಗಳಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಬೆಳಕಿನ ಇನ್‌ಫ್ರಾರೆಡ್ ದೀಪ ಫೋನಿಗೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಸದಾ ಚಾರ್ಜರಿಗೆ ಸಿಕ್ಕಿಸಿಟ್ಟ ಫೋನು ಕೈ ಇಡಲಾಗದಷ್ಟು ಬಿಸಿಯಾಗುತ್ತಿತ್ತು. ಹಳೇ ಬ್ಯಾಟರಿ ಉಬ್ಬಿಕೊಳ್ಳುವುದನ್ನು ನೋಡಿದವರಿಗೆ ಆ ಧೈರ್ಯ ಬರುವುದಿಲ್ಲ. ಮಗು ಮಲಗಿರುವ ಕೋಣೆಗೋ, ನಾಲ್ಕು ದಿನ ಬೀಗ ಹಾಕಿ ಹೋಗುವ ಮನೆಯ ಒಳಗೋ ಇದು ಸಾಕು. ಅಂಗಳಕ್ಕೆ ಆಗದು.

ಸಿಮ್ ಹಾಕುವ 4ಜಿ ಕ್ಯಾಮೆರಾವನ್ನೂ ಯೋಚಿಸಿದೆ. ವೈಫೈ ಬೇಡ, ಎಲ್ಲಿ ಬೇಕಾದರೂ ಇಡಬಹುದು ಎನ್ನುವುದು ನಿಜ. ನಮ್ಮಲ್ಲಿ ಫೋನ್ ಮಾಡಬೇಕಾದರೆ ಸಿಗ್ನಲಿಗಾಗಿ ಬೇಲಿಯ ದಣಪೆ ದಾಟಿ ಗುಡ್ಡದ ಕಡೆ ನಡೆಯಬೇಕು. ಅಲ್ಲಿಗೆ ಆ ಯೋಚನೆ ಬಿಟ್ಟೆ. ಮನೆಗೆ ಫೈಬರ್ ಬಂದಿರುವುದರಿಂದ ವೈಫೈ ಕ್ಯಾಮೆರಾವೇ ಸರಿ.

ಕ್ಯಾಮೆರಾ ಕೊಳ್ಳುವ ಮೊದಲೇ ಅದರ ಆ್ಯಪ್ ಇಳಿಸಿಕೊಂಡು ನೋಡಬಹುದು ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಪೆಟ್ಟಿಗೆ ಮೇಲಿನ ಚಿತ್ರ ನೋಡಿ ಕೊಳ್ಳುತ್ತೇವೆ, ಆಮೇಲೆ ವರ್ಷಗಟ್ಟಲೆ ಏಗುವುದು ಆ್ಯಪ್ ಜೊತೆ. ನಾನು ಅಂಗಡಿಗೆ ಹೋಗುವ ಮೊದಲು ಪ್ಲೇ ಸ್ಟೋರ್‌ನಲ್ಲಿ ಒಂದೊಂದೇ ಆ್ಯಪ್‌ನ ವಿಮರ್ಶೆಗಳನ್ನು ತೆಗೆದು, ಈಚಿನವು ಮೇಲೆ ಬರುವಂತೆ ಮಾಡಿ, ಒಂದು ನಕ್ಷತ್ರ ಕೊಟ್ಟವರದ್ದನ್ನೇ ಓದಿದೆ. ಐದು ನಕ್ಷತ್ರದವರು ‘ಗುಡ್’ ಅಂತ ಬರೆದು ಹೋಗಿರುತ್ತಾರೆ. ಒಂದು ಕೊಟ್ಟವರು ಕಥೆ ಹೇಳುತ್ತಾರೆ: ಲೈವ್ ನೋಡಲು ಹೋದರೆ ಮೊದಲು ಜಾಹೀರಾತು, ಮೆಮೊರಿ ಕಾರ್ಡ್ ಹಾಕಿದ್ದರೂ ಹಳೇ ದೃಶ್ಯ ನೋಡಲು ಚಂದಾ ಕಟ್ಟು ಅನ್ನುವುದು, ಫೋನ್ ಬದಲಿಸಿದರೆ ಎಲ್ಲ ಮತ್ತೆ ಮೊದಲಿಂದ. ಜಾಹೀರಾತಿರುವುದನ್ನು ನಾನು ಅಲ್ಲೇ ಕೈಬಿಟ್ಟೆ. ಕಳ್ಳ ಅಂಗಳದಲ್ಲಿರುವಾಗ ನಾನು ಜಾಹೀರಾತು ಮುಗಿಯಲಿ ಅಂತ ಕಾಯಬೇಕೇ?

ಚಂದಾ ಇಲ್ಲದೆ ಕಾರ್ಡ್‌ನಲ್ಲೇ ರೆಕಾರ್ಡ್ ಆಗಬೇಕು, ಮನೆಯವರಿಗೆ ಬೇರೆ ಬೇರೆ ಲಾಗಿನ್ ಕೊಡಲು ಬರಬೇಕು, ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡನ್ನೂ ಕೇಳುವುದು) ಇರಬೇಕು. ನನ್ನ ಅಗತ್ಯ ಇಷ್ಟೇ. ಕೊನೆಯದ್ದು ಅತಿಯಾಯಿತು ಅಂತ ತಂಗಿ ನಕ್ಕಳು. ನನ್ನ ಭಯಕ್ಕೆ ಕಾರಣವಿದೆ: 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲೋಕದ ಎಷ್ಟೋ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿ, ಅವುಗಳ ಬಲದಿಂದಲೇ ಆ ಅಕ್ಟೋಬರಿನಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳನ್ನು ಕೆಲವು ತಾಸು ಅಲುಗಾಡಿಸಿತ್ತು. ಅದು ಒಳಗೆ ಹೋದದ್ದು ಯಾರೂ ಬದಲಿಸದೆ ಬಿಟ್ಟಿದ್ದ ಕಾರ್ಖಾನೆಯ ಪಾಸ್‌ವರ್ಡ್‌ಗಳಿಂದ. 2024ರ ಫೆಬ್ರವರಿಯಲ್ಲಿ ಅಮೆರಿಕದ ವೈಜ್ ಕ್ಯಾಮೆರಾದ ಸುಮಾರು 13,000 ಬಳಕೆದಾರರಿಗೆ ತಮ್ಮ ಆ್ಯಪ್‌ನಲ್ಲಿ ಬೇರೆಯವರ ಮನೆಯ ಚಿತ್ರ ಕಂಡಿತ್ತು. ಕಂಪನಿಯೇ ಒಪ್ಪಿಕೊಂಡ ಸಂಗತಿ ಅದು. ಆದ್ದರಿಂದ ಕ್ಯಾಮೆರಾ ಹೊರಗೆ ಮಾತ್ರ, ಒಳಗೆ ಒಂದೂ ಬೇಡ ಅಂತ ನಾನೂ ಅಮ್ಮನೂ ಮೊದಲೇ ಒಪ್ಪಂದ ಮಾಡಿಕೊಂಡೆವು.

ನಮ್ಮ ದೇಶದಲ್ಲೂ ಈಗ ನಿಯಮ ಬಿಗಿಯಾಗಿದೆ. ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಎಂದು ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿದ ಆದೇಶ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪೆಟ್ಟಿಗೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಹತ್ತಿರ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನ ನೋಂದಣಿ, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿಕೊಳ್ಳಿ, ಒಂದು ನಿಮಿಷದ ಕೆಲಸ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕಾರ್ಡ್ ಎಷ್ಟು ದೊಡ್ಡದು ಬೇಕು ಅನ್ನುವ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 10.8 ಜಿಬಿ ಆಗುತ್ತದೆ. 128 ಜಿಬಿ ಕಾರ್ಡಿನಲ್ಲಿ ಹನ್ನೊಂದು ದಿನದ್ದು ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು. 2 ಮೆಗಾಬಿಟ್ ಆದರೆ ಅದರರ್ಧ. ಕಾರ್ಡಿನ ಮೇಲೆ ‘ಹೈ ಎಂಡ್ಯೂರೆನ್ಸ್’ ಅಂತ ಬರೆದಿರುವುದನ್ನೇ ತಗೊಳ್ಳಿ. ಫೋನಿಗೆ ಹಾಕುವ ಸಾದಾ ಕಾರ್ಡು ಹಗಲಿರುಳು ಬರೆದೂ ಅಳಿಸಿಯೂ ಬೇಗ ಕೈಕೊಡುತ್ತದೆ, ಅದು ನಿಮಗೆ ಗೊತ್ತಾಗುವುದು ದೃಶ್ಯ ಬೇಕಾದ ದಿನವೇ.

ಇಷ್ಟೆಲ್ಲ ನೋಡಿ ಮಾಡೆಲ್ ಆರಿಸಿ ಆನ್‌ಲೈನ್‌ನಲ್ಲಿ ತರಿಸುತ್ತೇನೆ ಅಂದೆ. ಅಪ್ಪಯ್ಯ ಒಪ್ಪಲಿಲ್ಲ. “ಹಾಳಾದ್ರೆ ಯಾರನ್ನ ಕೇಳೋದು ಮಾರಾಯ್ತಿ, ಪೇಟೇಲೇ ತಗಂತೀನಿ” ಅಂದರು. ಅದೇ ಮಾಡೆಲ್ ಪೇಟೆಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಕ್ಯಾಮೆರಾಕ್ಕೆ 3,200, ಕಾರ್ಡಿಗೆ 1,100, ಬಂದು ಕೂರಿಸಿಕೊಡಲು 500 ರೂಪಾಯಿ. ಹುಡುಗನೊಬ್ಬ ಬೈಕಿನಲ್ಲಿ ಬಂದು, ಸೂರಿನ ಕೆಳಗೆ ಅಂಗಳದ ಕಡೆ ಮುಖ ಮಾಡಿ ಹೊಡೆದು, ಅಮ್ಮ ಕೊಟ್ಟ ಕಾಫಿ ಕುಡಿದು ಹೋದ. ನಾನು ಆಗ ಆಫೀಸಿನಲ್ಲಿ. ಸಂಜೆ ನನ್ನ ಆ್ಯಪ್‌ನಲ್ಲಿ ಅಂಗಳ ಕಂಡಿತು. ಅಡಿಕೆ ಹರವಿದ ತಟ್ಟಿ, ಅದರಾಚೆ ಬಚ್ಚಲೊಲೆಯ ಹೊಗೆ, ಅಡ್ಡಡ್ಡ ಹಾಯುವ ನಾಯಿ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಒಂದೆರಡು ದಿನ ಬಿಟ್ಟು ಕಾರ್ಡಿನ ರೆಕಾರ್ಡಿಂಗ್ ನೋಡಲು ಹೋದೆ: ನಿಮಗೆ ಅನುಮತಿಯಿಲ್ಲ. ಸೆಟ್ಟಿಂಗ್ಸ್ ತೆರೆದೆ: ಅನುಮತಿಯಿಲ್ಲ. ಆ ಹುಡುಗನಿಗೆ ಫೋನ್ ಮಾಡಿದರೆ, “ಕ್ಯಾಮೆರಾ ನನ್ ನಂಬರಲ್ಲಿ ಆ್ಯಡ್ ಆಗಿದೆ ಮೇಡಂ, ನಿಮ್ಗೆ ಶೇರ್ ಮಾಡಿದೀನಿ. ಎಲ್ಲಾ ಕಸ್ಟಮರ್‌ದೂ ಹಂಗೇ ಮಾಡೋದು, ಆಮೇಲೆ ಸರ್ವಿಸಿಗೆ ಸುಲಭ” ಅಂದ. ಅವನ ದನಿಯಲ್ಲಿ ಕಪಟವೇನೂ ಇರಲಿಲ್ಲ. ಹಳ್ಳಿಯ ಹಿರಿಯರಿಗೆ ಇಮೇಲ್, ಓಟಿಪಿ ಅಂತ ಕೇಳಿ ಕೂತರೆ ದಿನ ಹೋಗುತ್ತದೆ, ಅವನಿಗೆ ಇನ್ನೂ ಮೂರು ಮನೆ ಇರುತ್ತದೆ. ಆದರೂ ಇದನ್ನು ಅಮ್ಮನಿಗೆ ಹೇಳಿದಾಗ ಅವರು ಕೇಳಿದ ಮಾತು ಇದು: “ಅಂದ್ರೆ ಆ ಹುಡ್ಗ ಪೇಟೇಲಿ ಕೂತು ನಾ ಅಂಗಳ ಗುಡ್ಸದು ನೋಡ್ತಾನೇನೇ?” ನೋಡುತ್ತಾನೋ ಇಲ್ಲವೋ, ನೋಡಬಹುದು ಅನ್ನುವುದಂತೂ ನಿಜ. ಅಮ್ಮ ಆ ಕ್ಷಣವೇ ಪ್ಲಗ್ ಕಿತ್ತರು. ಅಪ್ಪಯ್ಯನ ಚಾಪೆ ಮತ್ತೆ ಜಗಲಿಗೆ ಬಂತು.

ಹುಡುಗ ಅವನ ಆ್ಯಪ್‌ನಿಂದ ಅಳಿಸಿದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. “ನಾಳೆ ಮಾಡ್ತೀನಿ” ಅಂದವನು ಮರುವಾರ ಅಂಗಡಿಯ ಕೆಲಸ ಬಿಟ್ಟು ಮಂಗಳೂರಿಗೆ ಹೋದನಂತೆ. ಫೋನ್ ಸ್ವಿಚ್ ಆಫ್. ರಿಸೆಟ್ ಒತ್ತಿದರೆ ಹೋಗುತ್ತದೆ ಅಂತ ಅಂಗಡಿಯವರು ಹೇಳಿದರು. ಹೋಗುವುದಿಲ್ಲ. ರಿಸೆಟ್ ಮಾಡಿದರೆ ವೈಫೈ ಪಾಸ್‌ವರ್ಡ್ ಮರೆಯುತ್ತದೆ, ಆದರೆ ಕ್ಯಾಮೆರಾ ಯಾರ ಖಾತೆಯದ್ದು ಅನ್ನುವುದು ಇರುವುದು ಕಂಪನಿಯ ಸರ್ವರ್‌ನಲ್ಲಿ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಹೀಗೆಯೇ ಇದೆ, ಕದ್ದ ಕ್ಯಾಮೆರಾ ಇನ್ನೊಬ್ಬರ ಕೈಯಲ್ಲಿ ಕೆಲಸ ಮಾಡಬಾರದು ಅಂತ. ನಾವು ನಮ್ಮದೇ ಕ್ಯಾಮೆರಾದ ಕಳ್ಳರಾಗಿದ್ದೆವು.

ಕಂಪನಿಯ ಗ್ರಾಹಕ ಸೇವೆಗೆ ಬರೆದೆ. ಟಿಕೆಟ್ ನಂಬರ್ ತಕ್ಷಣ ಬಂತು, ಉತ್ತರ ಬರಲಿಲ್ಲ. ಮತ್ತೆ ಬರೆದ ಮೇಲೆ ಕೇಳಿದ್ದು: ಕೊಂಡ ಬಿಲ್ಲು, ಅದರಲ್ಲಿ ಸೀರಿಯಲ್ ಸಂಖ್ಯೆ, ಕ್ಯಾಮೆರಾದ ತಳದಲ್ಲಿರುವ ಸ್ಟಿಕ್ಕರ್‌ನ ಸ್ಪಷ್ಟ ಫೋಟೋ, ಖಾತೆ ಯಾವ ಇಮೇಲ್‌ಗೆ ಬೇಕೋ ಅದೇ ಇಮೇಲ್‌ನಿಂದ ಕೋರಿಕೆ. ಬಿಲ್ಲು ಅಂತ ಅಪ್ಪಯ್ಯನ ಹತ್ತಿರ ಇದ್ದದ್ದು ‘ಎಸ್ಟಿಮೇಟ್’ ಎಂದು ಮೇಲೆ ಅಚ್ಚಾದ ಚೀಟಿ, ‘ಕ್ಯಾಮರ 1’ ಅಂತ ಬಾಲ್‌ಪೆನ್ನಿನ ಬರಹ. ಜಿಎಸ್‌ಟಿ ಬಿಲ್ಲು ಕೊಡಿ ಅಂದರೆ ಅಂಗಡಿಯವರು ತೆರಿಗೆ ಸೇರಿಸಿ ಹೆಚ್ಚು ಕೊಡಬೇಕಾಗುತ್ತದೆ ಅಂದರು. ಅಪ್ಪಯ್ಯ ಅಂಗಡಿಯ ಮುಂದಿನ ಬೆಂಚಿನ ಮೇಲೆ ಎಲೆಡಿಕೆ ಹಾಕುತ್ತ ಸುಮ್ಮನೆ ಕೂತರು. ಬಂದ ಗಿರಾಕಿಗಳೆಲ್ಲ ಏನು ಹೆಗ್ಡೇರೆ ಇಲ್ಲಿ ಕೂತಿದೀರಿ ಅಂತ ವಿಚಾರಿಸುವವರೇ. ಮಧ್ಯಾಹ್ನ ಊಟದ ಹೊತ್ತಿಗೆ ಬಿಲ್ಲು ಬಂತು, ಹೆಚ್ಚಿಗೆ ಒಂದು ರೂಪಾಯಿ ಇಲ್ಲದೆ.

ಸ್ಟಿಕ್ಕರ್ ಫೋಟೋ ಇನ್ನೊಂದು ಫಜೀತಿ. ಸೂರಿನಡಿ ಗೋಡೆಗೆ ಸ್ಕ್ರೂ ಹೊಡೆದಾಗಿದೆ. ಅಪ್ಪಯ್ಯ ಏಣಿ ಹತ್ತುವುದು ಬೇಡ ಅಂತ ನಾವು ಹೆಣ್ಣುಮಕ್ಕಳಿಬ್ಬರೂ ಫೋನಿನಲ್ಲೇ ಗಲಾಟೆ ಮಾಡಿದೆವು. ಕಡೆಗೆ ಮರ ಹತ್ತಿ ಅಡಿಕೆ ಗೊನೆ ಇಳಿಸಲು ಬಂದ ಕೊನೆಗಾರ ಏಣಿಯನ್ನೂ ಕೇಳದೆ ಜಗಲಿ ಕಂಬ ಹಿಡಿದು ಹತ್ತಿ, ಒಂದು ಕೈಯಲ್ಲಿ ಮಾಡಿನ ಪಕಾಸಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋಟೋ ತೆಗೆದ. ಅಕ್ಷರ ಅಷ್ಟು ಸ್ಫುಟವಾಗಿ ಬಂದಿತ್ತು ಅಂದರೆ ನಾನು ಅದನ್ನು ಇನ್ನೂ ಅಳಿಸಿಲ್ಲ. (ನೀವು ಹೀಗೆ ಮಾಡಬೇಕಾಗಿಲ್ಲ. ಗೋಡೆಗೆ ಕೂರಿಸುವ ಮೊದಲೇ ತಳದ ಸ್ಟಿಕ್ಕರ್, ಪೆಟ್ಟಿಗೆ, ಬಿಲ್ಲು ಮೂರರ ಫೋಟೋ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಡಿ.)

ಎಲ್ಲ ಕಳಿಸಿದ ಮೇಲೂ ಕಂಪನಿಯವರು ಕೇಳಿದ್ದನ್ನೇ ಮತ್ತೆ ಕೇಳಿದರು, ಪ್ರತಿ ಸಲ ಬೇರೆ ಹೆಸರಿನ ಉದ್ಯೋಗಿ. ಹಳೇ ಪತ್ರವನ್ನೇ ಕೆಳಗಿಟ್ಟುಕೊಂಡು ಉತ್ತರಿಸುತ್ತ ಹೋದೆ, ಹೊಸ ಟಿಕೆಟ್ ತೆರೆಯಲಿಲ್ಲ. ಹೊಸದು ತೆರೆದರೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೀರಿ. ಒಂದು ಬೆಳಿಗ್ಗೆ ಒಂದೇ ಸಾಲಿನ ಪತ್ರ ಬಂತು: ನಿಮ್ಮ ಸಾಧನವನ್ನು ಹಳೆಯ ಖಾತೆಯಿಂದ ಬಿಡಿಸಲಾಗಿದೆ. ಅಷ್ಟರಲ್ಲಿ ಅರ್ಧ ಅಡಿಕೆ ಒಣಗಿ ಮೂಟೆ ಕಟ್ಟಿಯಾಗಿತ್ತು.

ಶುಕ್ರವಾರ ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಈ ಸಲ ನಾನೇ ಕೂತೆ. ಹೊಸ ಇಮೇಲ್ ಒಂದನ್ನು ಮನೆಯ ಹೆಸರಿನಲ್ಲೇ ತೆರೆದು, ಅದರಿಂದ ಖಾತೆ ಮಾಡಿ, ನನ್ನ ನಂಬರಿಗೆ ಎರಡನೇ ಹಂತದ ಕೋಡ್ ಬರುವಂತೆ ಮಾಡಿದೆ. ಜೋಡಿಸುವಾಗ ಆ್ಯಪ್ ಸ್ಥಳದ ಅನುಮತಿ ಕೇಳುತ್ತದೆ. ಅನೇಕ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಸುತ್ತಲ ವೈಫೈ ಹುಡುಕಲು ಅದು ಬೇಕು, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಫೋನು ಕ್ಯಾಮೆರಾದ ಸ್ವಂತ ವೈಫೈಗೆ ಸೇರಿದಾಗ “ಇಲ್ಲಿ ಇಂಟರ್‌ನೆಟ್ ಇಲ್ಲ, ಬಿಡಲೇ?” ಅನ್ನುತ್ತದೆ. ಬಿಡಬೇಡ ಅನ್ನಬೇಕು, ಮೊಬೈಲ್ ಡೇಟಾ ಆಫ್ ಮಾಡಿರಬೇಕು. ಇಷ್ಟಾದರೂ ಕ್ಯಾಮೆರಾ ಮನೆಯ ವೈಫೈ ಹಿಡಿಯಲೇ ಇಲ್ಲ. ಕಾರಣ ರೂಟರ್: ಅದು ಬಿಡುವ ವೈಫೈ ತರಂಗಗಳಲ್ಲಿ ಎರಡು ಬಗೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್, ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರು. ಇಂಥ ಕ್ಯಾಮೆರಾಗಳು ಬಹುಪಾಲು 2.4ರಲ್ಲೇ ಕೆಲಸ ಮಾಡುವುದು. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಬೇರೆ ಹೆಸರು ಕೊಟ್ಟು, ವೈಫೈ ಭದ್ರತೆಯ ಬಗೆ ಡಬ್ಲ್ಯುಪಿಎ3 ಇದ್ದದ್ದನ್ನು ಡಬ್ಲ್ಯುಪಿಎ2 ಮಾಡಿದ ಮೇಲೆ ಕ್ಯಾಮೆರಾ ಟಿಂಗ್ ಎಂದಿತು.

ಸೂರಿನ ಹತ್ತಿರ ಸಿಗ್ನಲ್ ಸೊರಗುತ್ತಿತ್ತು. ನಮ್ಮ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ, ರೂಟರ್ ಇದ್ದದ್ದು ನಡುಮನೆಯಲ್ಲಿ. ಕ್ಯಾಮೆರಾಕ್ಕೇ ಕೇಬಲ್ ಎಳೆಯೋಣ ಅಂದದ್ದಕ್ಕೆ ಅಪ್ಪಯ್ಯ ಕೂಡದು ಅಂದರು. ಏಪ್ರಿಲ್, ಮೇನಲ್ಲಿ ಸಿಡಿಲು ಹೊಡೆದರೆ ತಂತಿ ಹಿಡಿದು ಎರಡೂ ಸುಟ್ಟುಹೋಗುತ್ತವೆ ಅನ್ನುವುದು ಅವರ ವಾದ, ಅದು ಸರಿಯಾದದ್ದೇ. ಫೈಬರ್‌ನವರನ್ನು ಕರೆಸಿ ರೂಟರನ್ನೇ ಜಗಲಿಯ ಕಿಟಕಿಗೆ ತಂದೆವು. ಅದಕ್ಕೊಂದು 12 ವೋಲ್ಟಿನ ಪುಟ್ಟ ಯುಪಿಎಸ್, 1,600 ರೂಪಾಯಿ. ಕ್ಯಾಮೆರಾ ಇನ್ವರ್ಟರ್ ಲೈನಿಗೆ. ಕರೆಂಟು ಹೋದಾಗ ಕ್ಯಾಮೆರಾ ಉರಿಯುತ್ತಿದ್ದು ರೂಟರ್ ಸತ್ತಿದ್ದರೆ ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತದೆ, ಫೋನಿಗೆ ಸುದ್ದಿ ಬರುವುದಿಲ್ಲ. ಗುಡುಗಿದರೆ ಅಮ್ಮ ಎಲ್ಲ ಪ್ಲಗ್ಗೂ ಕೀಳುತ್ತಾರೆ. ಆಗ ಆ್ಯಪ್ ಆಫ್‌ಲೈನ್ ಅಂದರೆ ಊರಲ್ಲಿ ಗುಡುಗು ಅಂತ ಅರ್ಥ.

ಮೊದಲ ರಾತ್ರಿ ಎಚ್ಚರಿಕೆಗಳ ಸುರಿಮಳೆ. ಇನ್‌ಫ್ರಾರೆಡ್ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ. ಮಸೂರದ ಮುಂದೆ ಜೇಡ ನಡೆದರೆ ಆ್ಯಪ್‌ಗೆ ಅದು ಅಂಗಳದಷ್ಟೇ ದೊಡ್ಡ ಪ್ರಾಣಿ. ನಾಯಿ, ಬೆಕ್ಕು, ಗಾಳಿಗೆ ಹೊರಳುವ ಅಡಿಕೆ ಸೋಗೆ ಬೇರೆ. ‘ಚಲನೆ’ ಆಫ್ ಮಾಡಿ ‘ಮನುಷ್ಯ’ ಮಾತ್ರ ಇಟ್ಟು, ಚೌಕ ಎಳೆದು ತಟ್ಟಿಗಳಿರುವ ಜಾಗವನ್ನಷ್ಟೇ ಗುರುತು ಮಾಡಿ, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ವೇಳೆ ಹಾಕಿದೆ. ಕ್ಯಾಮೆರಾದ ದೀಪ ಆರಿಸಿ ಅಂಗಳದಾಚೆ ಒಂದು ಎಲ್‌ಇಡಿ ಬಲ್ಬು ಉರಿಸಿದರೆ ಜೇಡ ಅತ್ತ ಹೋಗುತ್ತದೆ. ಅಪ್ಪಯ್ಯನ ಫೋನಿಗೆ ಮಾತ್ರ ಒಂದೂ ಎಚ್ಚರಿಕೆ ಬರಲಿಲ್ಲ: ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆ್ಯಪನ್ನು ಮಲಗಿಸುತ್ತಿತ್ತು. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ನಿರ್ಬಂಧ ತೆಗೆದು, ‘ಆಟೋಸ್ಟಾರ್ಟ್’ ಇದ್ದರೆ ಅದನ್ನೂ ಆನ್ ಮಾಡಿ.

ಇಷ್ಟರಲ್ಲಿ ಎದುರಿಗೆ ಬಂದದ್ದು ನಾನು ಎಣಿಸದ ಸಂಗತಿ. ಸಂಜೆ ಅಡಿಕೆ ಸುಲಿಯಲು ಬರುವ ಹೆಂಗಸರು ಅಂಗಳದಲ್ಲೇ ಮೆಟ್ಟುಗತ್ತಿ ಹಾಕಿ ಕೂರುವುದು. ಅವರಲ್ಲಿ ಹಿರಿಯಳೊಬ್ಬಳು ತಲೆ ಎತ್ತಿ ನೋಡಿ, “ಅಮ್ಮ, ನಾವು ಮಾತಾಡಿದ್ದೂ ಅದಕ್ಕೆ ಕೇಳ್ತದಾ?” ಅಂದಳು. ಕೇಳುತ್ತದೆ. ಅತ್ತೆ, ಗಂಡ, ಸಂಘದ ಸಾಲ, ನಮ್ಮ ಮನೆಯ ಕೂಲಿ ಎಲ್ಲವೂ ಸುಲಿಯುವಾಗಲೇ ಮಾತಾಗುವುದು. ಅವಳೆದುರಿಗೇ ಆ್ಯಪ್ ತೆರೆದು ಧ್ವನಿ ರೆಕಾರ್ಡ್ ಆಗುವುದನ್ನು ನಿಲ್ಲಿಸಿದೆ, ಸುಲಿಯುವ ಹೊತ್ತಿಗೆ ಕ್ಯಾಮೆರಾವೂ ಕಣ್ಣು ಮುಚ್ಚುವಂತೆ ವೇಳೆ ಹಾಕಿದೆ. ಪಕ್ಕದ ಮನೆಯ ಹಿತ್ತಿಲು ಮೂಲೆಯಲ್ಲಿ ಕಾಣುತ್ತಿತ್ತು. ಅಲ್ಲಿ ಅವರ ಬಚ್ಚಲಿನ ಬಾಗಿಲು. ಪ್ರೈವಸಿ ಝೋನ್ ಅಂತ ಇರುತ್ತದೆ, ಆ ಭಾಗಕ್ಕೆ ಕಪ್ಪು ಪಟ್ಟಿ ಎಳೆದು, ಅವರನ್ನು ಕರೆದು ತೋರಿಸಿ ಕಳಿಸಿದೆ. ಹೇಳದೆ ಬಿಟ್ಟಿದ್ದರೆ ಬೇಲಿಯ ಜಗಳಕ್ಕಿಂತ ದೊಡ್ಡದಾಗುತ್ತಿತ್ತು.

ಈಗ ಯಜಮಾನ ಖಾತೆ ನನ್ನ ಹತ್ತಿರ ಇದೆ, ಅದರ ಪಾಸ್‌ವರ್ಡ್ ಅಮ್ಮನ ಗಾಡ್ರೇಜಿನಲ್ಲಿ ಚೀಟಿಯಲ್ಲೂ ಇದೆ. ಅಪ್ಪಯ್ಯ, ತಂಗಿ ಶೇರ್ ಪಡೆದವರು. ಆ್ಯಪ್ ದೃಶ್ಯವನ್ನು ಕಂಪನಿಯ ಸರ್ವರಿನಲ್ಲಿ ಇಡುವ ಕ್ಲೌಡ್‌ನ ಒಂದು ತಿಂಗಳ ಉಚಿತ ಯೋಜನೆ ಕೊಡುತ್ತೇನೆ ಅಂತ ಬೆನ್ನು ಬಿದ್ದಿತ್ತು, ನಾನು ಒತ್ತಲಿಲ್ಲ. ಒತ್ತುವುದಾದರೆ ತಾನಾಗಿ ದುಡ್ಡು ಕಡಿತವಾಗುವ ಯುಪಿಐ ಆಟೋಪೇಗೆ ಅನುಮತಿ ಕೊಟ್ಟಿದ್ದೀರಾ ಅಂತ ತಿಂಗಳು ಮುಗಿಯುವ ಮೊದಲು ನೋಡಿಕೊಳ್ಳಿ. ಆ್ಯಪ್‌ನಲ್ಲಿ ‘ಸಾಧನ ಹಂಚಿಕೆ’ ಅಂತ ಒಂದು ಪುಟ ಇರುತ್ತದೆ, ಯಾರ್‍ಯಾರು ನೋಡುತ್ತಿದ್ದಾರೆ ಅನ್ನುವ ಪಟ್ಟಿ ಅಲ್ಲಿದೆ. ನಾನು ಅದನ್ನು ಕರೆಂಟ್ ಬಿಲ್ ಕಟ್ಟುವ ದಿನ ತೆರೆದು ನೋಡುತ್ತೇನೆ. ಕ್ಯಾಮೆರಾ ಮಾರುವುದೋ, ನೆಂಟರಿಗೆ ಕೊಡುವುದೋ ಆದರೆ ಕೊಡುವ ಮೊದಲು ನಿಮ್ಮ ಖಾತೆಯಿಂದ ಅಳಿಸಿ, ಅವರ ಫೋನಿನಲ್ಲಿ ಸೇರಿದೆಯೇ ಅಂತ ಎದುರಿಗೇ ನೋಡಿ ಕೊಡಿ. ನಮ್ಮ ಚಿಕ್ಕಪ್ಪ ಅದೇ ಅಂಗಡಿಯಲ್ಲಿ ಕೊಂಡಿದ್ದರು. ಅವರ ಕ್ಯಾಮೆರಾವೂ ಆ ಹುಡುಗನ ನಂಬರಿನಲ್ಲೇ ಇದೆ. ಅವರ ಪತ್ರವನ್ನು ನಿನ್ನೆ ಕೂತು ಬರೆದುಕೊಟ್ಟೆ, ಟಿಕೆಟ್ ನಂಬರ್ ಬಂದಿದೆ.